ಅಂಗಡಿಗೆ ಬೀಗವಿದೆ, ಇಮೇಲ್‌ಗೆ?

ಸಣ್ಣ ವ್ಯಾಪಾರವನ್ನೇ ನಂಬಿ ಬದುಕುವ ಕುಟುಂಬಗಳು ನಮ್ಮಲ್ಲಿ ಬಹಳ. ಬಟ್ಟೆ ಅಂಗಡಿ, ಹಾರ್ಡ್‌ವೇರ್, ಮರದ ಡಿಪೊ, ಅಡಿಕೆ ಮತ್ತು ಮೆಣಸಿನ ವ್ಯಾಪಾರ, ಟ್ರಾವೆಲ್ಸ್ ಹೀಗೆ ಪಟ್ಟಿ ಮಾಡುತ್ತಾ ಹೋಗಬಹುದು. ರಾತ್ರಿ ಅಂಗಡಿ ಮುಚ್ಚುವಾಗ ಷಟರ್ ಎಳೆದು, ಎರಡೂ ಕಡೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿಯೇ ಮನೆಗೆ ಹೋಗುತ್ತೇವೆ. ಆದರೆ ಅದೇ ಅಂಗಡಿಯ ಇಮೇಲ್‌ನ ಪಾಸ್‌ವರ್ಡ್ ಏನು? ಹೆಚ್ಚಿನ ಕಡೆ ಅಂಗಡಿಯ ಹೆಸರಿನ ಮುಂದೆ ಒಂದು ಎರಡು ಮೂರು. ಅದು ಅಂಗಡಿಯಲ್ಲಿರುವ ಮೂವರಿಗೂ ಗೊತ್ತು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗನಿಗೂ ಗೊತ್ತು.

ಆ ಇಮೇಲ್‌ನೊಳಗೆ ಏನೇನಿದೆ ಎಂದು ಒಮ್ಮೆ ಯೋಚಿಸಿ. ಸರಕು ಕಳಿಸುವವರ ಬಿಲ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ನ ಸಂದೇಶಗಳು, ಬಾಡಿಗೆ ಕರಾರು. ಉಮ್ರಾ ಯಾತ್ರೆ ಏರ್ಪಡಿಸುವ ಟ್ರಾವೆಲ್ಸ್ ಆಗಿದ್ದರೆ ನೂರಾರು ಜನರ ಪಾಸ್‌ಪೋರ್ಟ್ ಪ್ರತಿ, ಫೋಟೊ, ಮನೆ ವಿಳಾಸ. ಇವು ನಮ್ಮ ಸ್ವಂತ ಸ್ವತ್ತಲ್ಲ. ಜನ ನಂಬಿ ನಮ್ಮ ಕೈಯಲ್ಲಿಟ್ಟ ಅಮಾನತ್ತು. ಹಣ ಕಳೆದುಹೋದರೆ ಮತ್ತೆ ದುಡಿಯಬಹುದು. ನಂಬಿ ಕೊಟ್ಟ ಕಾಗದ ಕಳ್ಳರ ಕೈಸೇರಿದರೆ ಅದನ್ನು ಮರಳಿ ತರಲಾಗದು.

ಜುಮಾ ಮುಗಿದ ಮೇಲೆ ಕೆಲವು ವ್ಯಾಪಾರಿಗಳು ಈ ಬಗ್ಗೆ ವಿಚಾರಿಸುವುದುಂಟು: ಯಾವ ಇಮೇಲ್ ಒಳ್ಳೆಯದು, ಹಣ ಕೊಟ್ಟು ತೆಗೆದುಕೊಳ್ಳಬೇಕೇ, ಉಚಿತದ್ದು ಸಾಲದೇ ಎಂದು. ಅದಕ್ಕೆ ಉತ್ತರವಾಗಿ ಈ ಲೇಖನ. ಕಂಪ್ಯೂಟರ್ ಓದಿದವರಿಗೇ ಅರ್ಥವಾಗುವ ವಿಷಯವಲ್ಲ ಇದು. ಲೆಕ್ಕದ ಪುಸ್ತಕ ಬರೆಯಬಲ್ಲ ಯಾರಿಗೂ ಅರ್ಥವಾಗುತ್ತದೆ.

ಇಮೇಲ್ ಏಕೆ ದುರ್ಬಲ?

ಇಮೇಲ್ ಕಳಿಸುವ ನಿಯಮಗಳು ರೂಪುಗೊಂಡದ್ದು 1982ರಲ್ಲಿ. ಆಗ ಅದನ್ನು ಬಳಸುತ್ತಿದ್ದವರು ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಸ್ವಲ್ಪ ಜನ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿತ್ತು. ಹಾಗಾಗಿ ಕಳಿಸುವವನು ನಿಜಕ್ಕೂ ಅವನೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡನ್ನೇ ಅದರಲ್ಲಿ ಮಾಡಲಿಲ್ಲ. ಅಂಚೆಯ ಲಕೋಟೆಯ ಹಿಂಬದಿಯಲ್ಲಿ ‘ಇಂದ’ ಎಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೇ? ಅಂಚೆಯಣ್ಣ ಅದನ್ನು ಪ್ರಶ್ನಿಸುವುದಿಲ್ಲ. ಇಮೇಲ್ ಕೂಡ ಮೂಲತಃ ಹಾಗೆಯೇ. ನಂತರದ ವರ್ಷಗಳಲ್ಲಿ ಈ ಕೊರತೆ ತುಂಬುವ ಉಪಾಯಗಳು ಬಂದವು. ಆದರೆ ಅವನ್ನು ನಾವೇ ಹಾಕಿಕೊಳ್ಳಬೇಕು, ತಾವಾಗಿಯೇ ಬರುವುದಿಲ್ಲ.

ಈ ದೌರ್ಬಲ್ಯದಿಂದ ದೊಡ್ಡವರೂ ಮೋಸಹೋಗಿದ್ದಾರೆ. 2013ರಿಂದ 2015ರ ನಡುವೆ ಲಿಥುವೇನಿಯಾ ದೇಶದ ಒಬ್ಬ ವ್ಯಕ್ತಿ, ತೈವಾನಿನ ಕ್ವಾಂಟಾ ಎಂಬ ಕಂಪ್ಯೂಟರ್ ತಯಾರಿಕಾ ಕಂಪೆನಿಯ ಹೆಸರನ್ನೇ ಇಟ್ಟು ಲಾಟ್ವಿಯಾದಲ್ಲಿ ಒಂದು ಕಂಪೆನಿ ನೋಂದಾಯಿಸಿದ. ಆ ಹೆಸರಿನಲ್ಲಿ ಗೂಗಲ್ ಮತ್ತು ಫೇಸ್‌ಬುಕ್‌ಗೆ ನಕಲಿ ಇಮೇಲ್ ಮತ್ತು ಬಿಲ್ ಕಳಿಸಿದ. ಎರಡೂ ಕಂಪೆನಿಗಳು ಕ್ವಾಂಟಾದೊಂದಿಗೆ ನಿಜವಾಗಿಯೂ ವ್ಯವಹಾರ ಇಟ್ಟುಕೊಂಡಿದ್ದವು, ಆದ್ದರಿಂದ ಅನುಮಾನ ಬರಲಿಲ್ಲ. 10 ಕೋಟಿ ಡಾಲರಿಗೂ ಹೆಚ್ಚು ಹಣ ಅವನ ಖಾತೆಗಳಿಗೆ ಹೋಯಿತು. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷ ಜೈಲು ವಿಧಿಸಿತು. ಇಮೇಲ್ ಸೇವೆ ನಡೆಸುವ ಕಂಪೆನಿಯೇ ಇಮೇಲ್‌ನಿಂದ ಮೋಸಹೋಯಿತು ಎಂದರೆ ನಮ್ಮ ಪಾಡೇನು?

ವ್ಯಾಪಾರದ ಇಮೇಲ್ ಮೂಲಕ ನಡೆಯುವ ಇಂತಹ ವಂಚನೆಗಳಲ್ಲಿ 2023ರಲ್ಲಿ 290 ಕೋಟಿ ಡಾಲರ್ ನಷ್ಟವಾಗಿರುವ ದೂರುಗಳು ತನಗೆ ಬಂದಿವೆ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿದೆ. ಇದು ದೂರು ಕೊಟ್ಟವರ ಲೆಕ್ಕ ಮಾತ್ರ.

ಸಣ್ಣ ವ್ಯಾಪಾರದಲ್ಲಿ ಇದು ನಡೆಯುವ ರೀತಿ ಹೀಗೆ. ದುಬೈಯಲ್ಲಿರುವ ಒಬ್ಬ ಖರೀದಿದಾರನಿಗೆ ಇಲ್ಲಿಂದ ಮಸಾಲೆ ಸಾಮಾನು ಹೋಗುತ್ತದೆ ಎಂದಿಟ್ಟುಕೊಳ್ಳಿ. ಕಳ್ಳ ಇಬ್ಬರಲ್ಲಿ ಯಾರಾದರೊಬ್ಬರ ಇಮೇಲ್‌ನ ಪಾಸ್‌ವರ್ಡ್ ಕದಿಯುತ್ತಾನೆ. ಕೂಡಲೇ ಏನೂ ಮಾಡುವುದಿಲ್ಲ. ವಾರಗಟ್ಟಲೆ ಸುಮ್ಮನೆ ಓದುತ್ತಾ ಕೂರುತ್ತಾನೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ದಿನ, ಸಲಾಂ ಹೇಗೆ ಹೇಳುತ್ತಾರೆ, ಪತ್ರ ಹೇಗೆ ಮುಗಿಸುತ್ತಾರೆ ಎಲ್ಲವನ್ನೂ ಕಲಿಯುತ್ತಾನೆ. ಬಿಲ್ ಹೋಗುವ ದಿನ ಅದೇ ಬಿಲ್‌ನಲ್ಲಿ ಬ್ಯಾಂಕ್ ಖಾತೆಯ ನಂಬರ್ ಮಾತ್ರ ಬದಲಿಸಿ ಕಳಿಸುತ್ತಾನೆ. ‘ನಮ್ಮ ಹಳೆಯ ಖಾತೆ ಆಡಿಟ್‌ನಲ್ಲಿದೆ, ಈ ಸಲ ಇದಕ್ಕೆ ಹಾಕಿ’ ಎಂಬ ಒಂದು ಸಾಲು ಸಾಕು. ಹಣ ಹೋದದ್ದು ಗೊತ್ತಾಗುವುದು ಸರಕು ಕಳಿಸಿದವನು ‘ಇನ್ನೂ ಹಣ ಬಂದಿಲ್ಲವಲ್ಲ’ ಎಂದು ಫೋನ್ ಮಾಡಿದಾಗ. ಹತ್ತು ವರ್ಷದ ವ್ಯಾಪಾರ ಸಂಬಂಧ ಆ ಒಂದು ಫೋನಿನಲ್ಲಿ ಮುರಿದುಬೀಳುತ್ತದೆ. ಇಬ್ಬರೂ ಪ್ರಾಮಾಣಿಕರು, ಆದರೂ ಒಬ್ಬರು ಇನ್ನೊಬ್ಬರನ್ನು ಸಂಶಯಿಸುತ್ತಾರೆ.

ಮೊದಲ ಹೆಜ್ಜೆ: ಸ್ವಂತ ಹೆಸರು

ಉಚಿತ ಜಿಮೇಲ್ ಕೆಟ್ಟದ್ದಲ್ಲ. ಆದರೆ ಅದು ಒಬ್ಬ ವ್ಯಕ್ತಿಯ ಖಾತೆ, ಅಂಗಡಿಯ ಖಾತೆಯಲ್ಲ. ಅದನ್ನು ತೆರೆದವರು ಮಗನೋ ಮ್ಯಾನೇಜರೋ ಆಗಿದ್ದರೆ, ಅವರು ಬೇರೆಯಾದ ದಿನ ಅಂಗಡಿಯ ಅಂಚೆಯೂ ಅವರ ಜೊತೆ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮವನ್ನೂ ಗೂಗಲ್ 2023ರಿಂದ ಜಾರಿಗೆ ತಂದಿದೆ. ಇನ್ನೊಂದು ವಿಷಯ: ನಿಮ್ಮ ಅಂಗಡಿಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಯಾರು ಬೇಕಾದರೂ ಇನ್ನೊಂದು ಜಿಮೇಲ್ ತೆರೆಯಬಹುದು. ಗ್ರಾಹಕನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಆದ್ದರಿಂದ ಅಂಗಡಿಯ ಹೆಸರಿನಲ್ಲೇ ಒಂದು ಡೊಮೈನ್ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಡೊಮೈನ್ ಎಂದರೆ ಇಮೇಲ್ ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರ ಬರುವ ಹೆಸರು. ಡಾಟ್ ಇನ್ ಎಂದು ಕೊನೆಯಾಗುವ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಅಂಗಡಿಯ ಬೋರ್ಡ್ ಬರೆಸುವುದಕ್ಕಿಂತ ಇದು ಅಗ್ಗ. ಇಮೇಲ್ ಸೇವೆ ಕೊಡುವ ಕಂಪೆನಿ ಇಷ್ಟವಾಗದಿದ್ದರೆ ನಾಳೆ ಬದಲಿಸಬಹುದು, ವಿಳಾಸ ಮಾತ್ರ ನಿಮ್ಮದಾಗಿಯೇ ಉಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಡೊಮೈನ್ ಮಾಲೀಕನ ಹೆಸರಿನಲ್ಲೇ ಇರಬೇಕು. ವೆಬ್‌ಸೈಟ್ ಮಾಡಿಕೊಡುವ ಹುಡುಗರು ಅನುಕೂಲಕ್ಕೆಂದು ತಮ್ಮ ಖಾತೆಯಲ್ಲೇ ನೋಂದಾಯಿಸಿಬಿಡುತ್ತಾರೆ. ಜಾಗದ ಪತ್ರವನ್ನು ಮೇಸ್ತ್ರಿಯ ಹೆಸರಿನಲ್ಲಿ ಯಾರಾದರೂ ಮಾಡಿಸುತ್ತಾರೆಯೇ? ಎರಡು, ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಮರೆತರೆ ಆ ಹೆಸರನ್ನು ಬೇರೆಯವರು ಕೊಳ್ಳಬಹುದು. ಆಮೇಲೆ ನಿಮಗೆ ಬರಬೇಕಾದ ಪತ್ರಗಳೆಲ್ಲ ಅವರ ಪೆಟ್ಟಿಗೆಗೆ ಹೋಗುತ್ತವೆ.

ಯಾವ ಸೇವೆ ಆರಿಸಬೇಕು?

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವವು ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365 ಮತ್ತು ಝೋಹೋ ಮೇಲ್. ಝೋಹೋ ಚೆನ್ನೈ ಮೂಲದ ಕಂಪೆನಿ, ಭಾರತದಲ್ಲೇ ಅದರ ಡೇಟಾ ಕೇಂದ್ರಗಳಿವೆ. ಐದು ಜನರವರೆಗಿನ ಸಣ್ಣ ಸಂಸ್ಥೆಗಳಿಗೆ ಸ್ವಂತ ಡೊಮೈನ್‌ನೊಂದಿಗೆ ಉಚಿತ ಯೋಜನೆಯನ್ನೂ ಅದು ನೀಡುತ್ತಾ ಬಂದಿದೆ. ಆದರೆ ಉಚಿತ ಯೋಜನೆಯಲ್ಲಿ ಕೆಲವು ಮಿತಿಗಳಿರುತ್ತವೆ, ಓದಿ ನೋಡಿ. ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಸುರಕ್ಷತೆಯ ಮುಖ್ಯ ಸಲಕರಣೆಗಳು ಸಿಗುತ್ತವೆ. ಅಂಗಡಿಯವರಿಗೆ ಯಾವುದು ರೂಢಿಯಿದೆಯೋ ಅದನ್ನು ಆರಿಸುವುದೇ ಜಾಣತನ.

ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಮತ್ತು ಜರ್ಮನಿಯ ಟೂಟಾ ಇನ್ನೊಂದು ಬಗೆಯವು. ಇವುಗಳ ವಿಶೇಷ ತಿಳಿಯಬೇಕಾದರೆ ಒಂದು ವ್ಯತ್ಯಾಸ ಗೊತ್ತಿರಬೇಕು. ಸಾಮಾನ್ಯ ಇಮೇಲ್ ದಾರಿಯಲ್ಲಿ ಹೋಗುವಾಗ ಬೀಗ ಹಾಕಿದ ವ್ಯಾನಿನಲ್ಲಿ ಹೋಗುತ್ತದೆ, ಆದರೆ ಅಂಚೆ ಕಚೇರಿಯ ಒಳಗೆ, ಅಂದರೆ ಕಂಪೆನಿಯ ಸರ್ವರ್‌ನಲ್ಲಿ, ಅದನ್ನು ತೆರೆಯುವ ಬೀಗದ ಕೈ ಕಂಪೆನಿಯ ಬಳಿ ಇರುತ್ತದೆ. ಪ್ರೋಟಾನ್ ಮತ್ತು ಟೂಟಾದಲ್ಲಿ ಪೆಟ್ಟಿಗೆಯ ಬೀಗದ ಕೈ ಬಳಕೆದಾರನ ಕೈಯಲ್ಲಿ ಮಾತ್ರ. ಕಂಪೆನಿಯವರೂ ಒಳಗಿರುವ ಪತ್ರ ಓದಲಾರರು. ಇದು ಒಳ್ಳೆಯದೇ. ಆದರೆ ಪ್ರೋಟಾನ್‌ನಿಂದ ಜಿಮೇಲ್‌ಗೆ ಮಾಮೂಲಾಗಿ ಕಳಿಸಿದ ಪತ್ರ ಜಿಮೇಲ್ ತಲುಪಿದ ಮೇಲೆ ಸಾಮಾನ್ಯ ಪತ್ರವೇ. ಅದನ್ನು ಮುಚ್ಚಿಡಬೇಕಾದರೆ ಪಾಸ್‌ವರ್ಡ್ ಹಾಕಿ ಕಳಿಸುವ ಸೌಲಭ್ಯ ಬಳಸಬೇಕು. ಜೊತೆಗೆ, ಪಾಸ್‌ವರ್ಡ್ ಮರೆತು ಮರುಪಡೆಯುವ ಏರ್ಪಾಡನ್ನೂ ಮಾಡಿಕೊಳ್ಳದಿದ್ದರೆ ಹಳೆಯ ಪತ್ರಗಳು ನಮಗೂ ಸಿಗುವುದಿಲ್ಲ. ವಕೀಲರು, ವೈದ್ಯರು, ಜನರ ಗುಟ್ಟಿನ ಕಾಗದ ಇಟ್ಟುಕೊಳ್ಳುವವರು ಇದನ್ನು ಯೋಚಿಸಬಹುದು. ಸಾಮಾನ್ಯ ಅಂಗಡಿಗೆ ಅಪಾಯ ಇರುವುದು ಕಂಪೆನಿ ಓದುವುದರಿಂದಲ್ಲ, ಕಳ್ಳ ಒಳನುಗ್ಗುವುದರಿಂದ.

ವೆಬ್‌ಸೈಟಿನ ಜೊತೆ ಪುಕ್ಕಟೆಯಾಗಿ ಸಿಗುವ ಅಗ್ಗದ ಇಮೇಲ್ ಬಗ್ಗೆ ಎಚ್ಚರ ಬೇಕು. ಎಷ್ಟೋ ಕಡೆ ಅದರಲ್ಲಿ ಎರಡನೇ ಬೀಗದ ಸೌಲಭ್ಯವೇ ಇರುವುದಿಲ್ಲ. ಯಾವ ಸೇವೆಯವರನ್ನಾದರೂ ಈ ನಾಲ್ಕು ಪ್ರಶ್ನೆ ಕೇಳಿ. ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ ಮಾಡಬಹುದೇ? ಯಾರು ಯಾವಾಗ ಎಲ್ಲಿಂದ ಲಾಗಿನ್ ಆದರು ಎಂಬ ದಾಖಲೆ ಕಾಣುತ್ತದೆಯೇ? ಕೆಲಸ ಬಿಟ್ಟವನ ಖಾತೆಯನ್ನು ಮಾಲೀಕ ಆ ಕ್ಷಣವೇ ಮುಚ್ಚಬಹುದೇ? ನಮ್ಮ ಪತ್ರಗಳೆಲ್ಲವನ್ನೂ ನಾವು ಇಳಿಸಿಕೊಂಡು ಬೇರೆಡೆಗೆ ಹೋಗಬಹುದೇ? ಒಂದಕ್ಕೆ ‘ಇಲ್ಲ’ ಎಂದರೂ ಆ ಸೇವೆ ಬೇಡ.

ಹೆಸರು ಕದಿಯದಂತೆ ಮೂರು ಕಾವಲು

ಡೊಮೈನ್ ತೆಗೆದುಕೊಂಡ ಮೇಲೆ ಅದಕ್ಕೆ ಮೂರು ದಾಖಲೆ ಸೇರಿಸಬೇಕು. ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಎಂದು ಅವುಗಳ ಹೆಸರು. ಹೆಸರು ಕೇಳಿ ಹೆದರಬೇಡಿ.

ಎಸ್‌ಪಿಎಫ್ ಎಂದರೆ ‘ನಮ್ಮ ಅಂಗಡಿಯ ಪತ್ರ ತರುವವರು ಇಂತಿಂಥವರು ಮಾತ್ರ’ ಎಂದು ಬಾಗಿಲಿಗೆ ಅಂಟಿಸಿದ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಪತ್ರಕ್ಕೂ ಒತ್ತುವ ಮೊಹರು. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮೊಹರು ಹೊಂದುವುದಿಲ್ಲ. ಡಿಮಾರ್ಕ್ ಎಂದರೆ ‘ಪಟ್ಟಿಯೂ ಮೊಹರೂ ನಮ್ಮ ಹೆಸರಿಗೆ ಹೊಂದದ ಪತ್ರ ಬಂದರೆ ಏನು ಮಾಡಬೇಕು’ ಎಂದು ಪತ್ರ ಪಡೆಯುವವರಿಗೆ ನಾವು ಕೊಡುವ ಸೂಚನೆ. ಅದರಲ್ಲಿ ಮೂರು ಹಂತ ಇವೆ: ಸುಮ್ಮನೆ ವರದಿ ಮಾಡಿ, ಸ್ಪ್ಯಾಮ್‌ಗೆ ಹಾಕಿ, ಬಾಗಿಲಲ್ಲೇ ತಿರಸ್ಕರಿಸಿ. ಮೊದಲು ವರದಿಯಿಂದ ಆರಂಭಿಸಿ, ನಿಮ್ಮ ನಿಜವಾದ ಪತ್ರಗಳೆಲ್ಲ ಸರಿಯಾಗಿ ಹೋಗುತ್ತಿವೆ ಎಂದು ಖಾತ್ರಿಯಾದ ಮೇಲೆ ತಿರಸ್ಕಾರಕ್ಕೆ ಬದಲಿಸಬೇಕು. ತುಂಬಾ ಜನ ಮೊದಲ ಹಂತದಲ್ಲೇ ನಿಲ್ಲಿಸಿಬಿಡುತ್ತಾರೆ. ಅದು ಕಳ್ಳನನ್ನು ನೋಡಿಯೂ ಕೂಗದ ಕಾವಲುಗಾರನಂತೆ.

ಸೇವೆ ಕೊಡುವ ಕಂಪೆನಿಯ ಸಹಾಯ ಪುಟದಲ್ಲೇ ಇದರ ಕ್ರಮ ಇರುತ್ತದೆ. ಗೊತ್ತಿರುವ ಹುಡುಗನಿಗೆ ಕೆಲವು ಗಂಟೆಗಳ ಕೆಲಸ. 2024ರ ಫೆಬ್ರವರಿಯಿಂದ, ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರನ್ನೂ ಗೂಗಲ್ ಕಡ್ಡಾಯ ಮಾಡಿದೆ. ಸಣ್ಣವರಿಗೂ ಇವಿದ್ದರೆ ಪತ್ರ ಸ್ಪ್ಯಾಮ್‌ಗೆ ಬೀಳುವುದು ಕಡಿಮೆ.

ಆದರೆ ಈ ಕಾವಲಿಗೂ ಮಿತಿಯಿದೆ. ನಿಮ್ಮ ಹೆಸರನ್ನೇ ಬಳಸಿದರೆ ತಡೆಯುತ್ತದೆ, ನಿಮ್ಮಂತೆಯೇ ಕಾಣುವ ಹೆಸರನ್ನು ತಡೆಯುವುದಿಲ್ಲ. ಇಂಗ್ಲಿಷಿನ ಎಮ್ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಿಗೆ ಬರೆದರೆ ಮೊಬೈಲ್ ಪರದೆಯಲ್ಲಿ ಎಮ್ ಎಂದೇ ಕಾಣುತ್ತದೆ. ಕಳ್ಳ ನಿಮ್ಮ ಪೆಟ್ಟಿಗೆಯೊಳಗೇ ಕೂತು ಬರೆದರಂತೂ ಮೊಹರೂ ನಿಮ್ಮದೇ ಆಗಿರುತ್ತದೆ. ಅದಕ್ಕೆ ಬೇಕು ಎರಡನೇ ಬೀಗ.

ಎರಡನೇ ಬೀಗ

ಪಾಸ್‌ವರ್ಡ್ ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಅಂಗಡಿಯ ಇಮೇಲ್‌ನ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. 2013ರಲ್ಲಿ ಯಾಹೂವಿನ 300 ಕೋಟಿ ಖಾತೆಗಳ ಮಾಹಿತಿ ಕಳುವಾಗಿತ್ತು. ಒಂದು ಕಡೆ ಕದ್ದ ಪಾಸ್‌ವರ್ಡನ್ನು ಕಳ್ಳರು ಬೇರೆ ಎಲ್ಲ ಕಡೆಯೂ ಹಾಕಿ ನೋಡುತ್ತಾರೆ.

ಪಾಸ್‌ವರ್ಡ್ ಜೊತೆಗೆ ಎರಡನೇ ಹಂತ ಇರಲೇಬೇಕು. ಇದರಲ್ಲಿ ಮೂರು ದರ್ಜೆ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ನಕಲಿ ಸಿಮ್ ತೆಗೆದು ಅದನ್ನು ಕದಿಯಬಹುದು. ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರು ಅಂಕಿಯ ಕೋಡ್ ಅದಕ್ಕಿಂತ ಉತ್ತಮ. ಎಲ್ಲಕ್ಕಿಂತ ಗಟ್ಟಿಯಾದದ್ದು ಪಾಸ್‌ಕೀ ಅಥವಾ ಕೀಗೊಂಚಲಿನಲ್ಲಿ ಹಾಕಿಕೊಳ್ಳುವ ಸೆಕ್ಯೂರಿಟಿ ಕೀ. ಮೊದಲ ಎರಡರ ಕೋಡನ್ನು ನಕಲಿ ಪುಟ ತೋರಿಸಿ ನಮ್ಮಿಂದಲೇ ಬರೆಸಿಕೊಳ್ಳಬಹುದು. ಪಾಸ್‌ಕೀ ಹಾಗಲ್ಲ, ಅದು ನಿಜವಾದ ವಿಳಾಸವನ್ನು ತಾನೇ ಗುರುತಿಸುತ್ತದೆ, ನಕಲಿ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ. 2017ರ ಆರಂಭದಲ್ಲಿ ತನ್ನ 85 ಸಾವಿರಕ್ಕೂ ಹೆಚ್ಚು ನೌಕರರಿಗೆ ಸೆಕ್ಯೂರಿಟಿ ಕೀ ಕಡ್ಡಾಯ ಮಾಡಿದ ಮೇಲೆ ಅವರಲ್ಲಿ ಒಬ್ಬರ ಕೆಲಸದ ಖಾತೆಯೂ ಇಂತಹ ಮೋಸಕ್ಕೆ ಬಲಿಯಾಗಿಲ್ಲ ಎಂದು ಗೂಗಲ್ ಮರುವರ್ಷ ಹೇಳಿತು. ಡೊಮೈನ್ ನೋಂದಾಯಿಸಿದ ಖಾತೆಗೂ ಇದೇ ಬೀಗ ಹಾಕಿ. ಅದು ಹೋದರೆ ಎಲ್ಲವೂ ಹೋದಂತೆ.

ಮೊಬೈಲ್ ಕಳೆದರೆ ಒಳಹೋಗಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಮುದ್ರಿಸಿ, ಮನೆಯ ಪತ್ರಗಳನ್ನು ಇಡುವ ಬೀರುವಿನಲ್ಲಿಡಿ. ಮಾಲೀಕರು ಹಠಾತ್ತನೆ ತೀರಿಕೊಂಡಾಗ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕವೆಲ್ಲ ಇಮೇಲ್‌ನಲ್ಲೇ ಸಿಕ್ಕಿಬೀಳುತ್ತದೆ. ಸಾಲ ತೀರಿಸಲೂ, ಬರಬೇಕಾದದ್ದನ್ನು ಕೇಳಲೂ ಮನೆಯವರಿಗೆ ದಾರಿ ಇರುವುದಿಲ್ಲ. ಆ ಕಾಗದ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬ ನಂಬಿಗಸ್ಥರಿಗಾದರೂ ತಿಳಿದಿರಲಿ.

ಕೆಲಸಗಾರರು, ಪ್ರತಿಗಳು

ಮೂವರಿಗೆ ಒಂದೇ ಪಾಸ್‌ವರ್ಡ್ ಕೊಟ್ಟರೆ ತಪ್ಪು ನಡೆದಾಗ ಯಾರದು ಎಂದು ತಿಳಿಯುವುದಿಲ್ಲ. ನಿರಪರಾಧಿಯ ಮೇಲೂ ಆರೋಪ ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ. ಅಂಗಡಿಯ ಸಾಮಾನ್ಯ ವಿಳಾಸಕ್ಕೆ ಬಂದದ್ದು ಎಲ್ಲರಿಗೂ ಕಾಣುವಂತೆ ಮಾಡಲು ಗುಂಪು ವಿಳಾಸದ ಸೌಲಭ್ಯವಿದೆ. ಕೆಲಸ ಬಿಟ್ಟವರ ಖಾತೆಯನ್ನು ಲೆಕ್ಕ ಚುಕ್ತಾ ಮಾಡಿದ ದಿನವೇ ಮುಚ್ಚಿ. ಇದು ಅನುಮಾನವಲ್ಲ, ಇಬ್ಬರಿಗೂ ರಕ್ಷಣೆ.

ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಜಾಗಗಳನ್ನು ನೋಡಿ. ಒಳನುಗ್ಗಿದ ಕಳ್ಳ ನಿಮ್ಮ ಪತ್ರಗಳ ಪ್ರತಿ ತನಗೆ ಬರುವಂತೆ ಅಲ್ಲಿ ನಿಯಮ ಬರೆದಿಡುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೆಯೇ ಉಳಿಯಬಹುದು.

ಪತ್ರಗಳ ಪ್ರತಿಯನ್ನು ಬೇರೆ ಕಡೆ ಇಡಿ. 2019ರ ಫೆಬ್ರವರಿಯಲ್ಲಿ ವಿಎಫ್‌ಇಮೇಲ್ ಎಂಬ ಸೇವೆಯ ಅಮೆರಿಕದಲ್ಲಿದ್ದ ಸರ್ವರ್‌ಗಳನ್ನು ದಾಳಿಕೋರರು ಬ್ಯಾಕಪ್ ಸಹಿತ ಅಳಿಸಿಹಾಕಿದರು. ಅದನ್ನು ನಂಬಿದ್ದವರ ವರ್ಷಗಳ ಪತ್ರಗಳು ಹೋದವು. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಇಳಿಸಿ ಒಂದು ಹಾರ್ಡ್ ಡಿಸ್ಕ್‌ನಲ್ಲಿಟ್ಟು, ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಇಡಿ. ಯಾತ್ರೆ ಮುಗಿಸಿ ಬಂದವರ ಪಾಸ್‌ಪೋರ್ಟ್ ಪ್ರತಿಗಳನ್ನು, ಕಾನೂನಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಅಳಿಸಿಬಿಡಿ. ನಮ್ಮ ಬಳಿ ಇಲ್ಲದ್ದನ್ನು ಯಾರೂ ಕದಿಯಲಾರರು.

ಫೋನ್ ಮಾಡದೆ ಖಾತೆ ಬದಲಿಸಬೇಡಿ

ಯಾವ ಯಂತ್ರವೂ ಕೊಡದ ರಕ್ಷಣೆಯನ್ನು ಒಂದು ಅಭ್ಯಾಸ ಕೊಡುತ್ತದೆ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ, ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ, ಪರಿಚಿತ ದನಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಆ ಇಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾಡಬೇಡಿ. ಎಷ್ಟೇ ಅವಸರ ಇರಲಿ, ಪತ್ರ ಸ್ವಂತ ಅಣ್ಣನ ಹೆಸರಿನಲ್ಲೇ ಬರಲಿ, ಈ ನಿಯಮ ಮುರಿಯಬಾರದು. ಅವಸರ ಮಾಡಿಸುವುದೇ ವಂಚಕನ ಮುಖ್ಯ ಆಯುಧ. ನಿಮ್ಮ ಬಿಲ್‌ನ ಕೆಳಗೂ ಒಂದು ಸಾಲು ಅಚ್ಚು ಹಾಕಿಸಿ: ‘ನಮ್ಮ ಬ್ಯಾಂಕ್ ಖಾತೆಯ ಬದಲಾವಣೆಯನ್ನು ನಾವು ಇಮೇಲ್ ಮೂಲಕ ಮಾತ್ರ ತಿಳಿಸುವುದಿಲ್ಲ.’

ಹಣ ಹೋಗಿಯೇಬಿಟ್ಟರೆ ನಾಚಿಕೆಯಿಂದ ಮುಚ್ಚಿಡಬೇಡಿ. ಕೂಡಲೇ 1930 ನಂಬರಿಗೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಇನ್ನೂ ಕಳ್ಳನ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯವಿದೆ, ತಡವಾದಷ್ಟೂ ಆ ಅವಕಾಶ ಕಡಿಮೆ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇಂತಹ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಬೇರೆಯವರ ಪಾಸ್‌ವರ್ಡ್ ಬಳಸಿ ವಂಚಿಸುವುದಕ್ಕೂ, ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ಮೋಸ ಮಾಡುವುದಕ್ಕೂ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಮತ್ತು 66ಡಿ ಕಲಮುಗಳಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ. ದೂರು ಕೊಡುವವರೆಗೆ ಒಂದು ಪತ್ರವನ್ನೂ ಅಳಿಸಬೇಡಿ, ಅವೇ ಸಾಕ್ಷಿ.

ಗ್ರಾಹಕರ ಮಾಹಿತಿಯೂ ಹೋಗಿದ್ದರೆ ಅವರಿಗೆ ತಿಳಿಸುವುದು ನಮ್ಮ ಹೊಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತದೆ. ಮಾಹಿತಿಯನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಅಷ್ಟು ದೊಡ್ಡ ದಂಡ ಸಣ್ಣ ಅಂಗಡಿಗೆ ಬೀಳಲಿಕ್ಕಿಲ್ಲ. ಆದರೆ ‘ನಿಮ್ಮ ಪಾಸ್‌ಪೋರ್ಟ್ ಪ್ರತಿ ಕಳುವಾಗಿದೆ, ಎಚ್ಚರವಾಗಿರಿ’ ಎಂದು ವೃದ್ಧ ದಂಪತಿಗೆ ಫೋನ್ ಮಾಡಿ ಹೇಳಬೇಕಾದ ಆ ಗಳಿಗೆ ದಂಡಕ್ಕಿಂತ ಭಾರ.

ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಇಂದು ಈಗಿರುವ ಇಮೇಲ್‌ಗೇ ಎರಡನೇ ಬೀಗ ಹಾಕಿ, ಅದಕ್ಕೆ ಹಣ ಬೇಡ, ಹತ್ತು ನಿಮಿಷ ಸಾಕು. ಈ ವಾರ ಹಳೆಯ ಕೆಲಸಗಾರರಿಗೆ ಗೊತ್ತಿರುವ ಪಾಸ್‌ವರ್ಡ್ ಬದಲಿಸಿ, ಫಾರ್ವರ್ಡಿಂಗ್ ನೋಡಿ. ಈ ತಿಂಗಳು ಡೊಮೈನ್ ತೆಗೆದುಕೊಂಡು ಸೇವೆ ಆರಿಸಿ. ಮುಂದಿನ ತಿಂಗಳು ಆ ಮೂರು ಕಾವಲುಗಳನ್ನು ನಿಲ್ಲಿಸಿ. ಮಸೀದಿ ಮತ್ತು ಮದ್ರಸ ಕಮಿಟಿಗಳಿಗೂ ಇದೇ ಮಾತು ಅನ್ವಯ. ಜನರ ದೇಣಿಗೆಯ ಲೆಕ್ಕ ಅಲ್ಲಿಯೂ ಇಮೇಲ್‌ನಲ್ಲೇ ಇರುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಈ ಪುಟವನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಮಾಡಿಸಿಕೊಳ್ಳಿ.